ಬದಲಾವಣೆ ಭಾವ

ಪ್ರತಿ ಬಂಧುಬಳಗದಲ್ಲೂ ಇಂಥವರೊಬ್ಬರು ಇರುತ್ತಾರೆ. ನಮ್ಮ ಪಾಲಿಗೆ ಅವರು ಅಕ್ಕನ ಗಂಡ. ಹೋದ ತಿಂಗಳು ನೋಡಿದ ಭಾವ ಈ ತಿಂಗಳು ಹಾಗೇ ಸಿಗುವುದಿಲ್ಲ. ಯುಗಾದಿಗೆ ಹೋದಾಗ ಅನ್ನ ಬಿಟ್ಟು ನವಣೆ ಹಿಡಿದಿದ್ದರು. ಗಣೇಶನ ಹಬ್ಬದ ಹೊತ್ತಿಗೆ ನವಣೆಯನ್ನೂ ಬಿಟ್ಟು, ಮಧ್ಯಾಹ್ನ ಹನ್ನೆರಡರವರೆಗೆ ಏನನ್ನೂ ಮುಟ್ಟದ ವ್ರತದಲ್ಲಿದ್ದರು. ಕಡುಬು ತಟ್ಟೆಗೆ ಬಂದದ್ದು ಹನ್ನೊಂದೂ ಮುಕ್ಕಾಲಿಗೆ. ಕಾಲು ಗಂಟೆ ಅದನ್ನೇ ದಿಟ್ಟಿಸುತ್ತ ಕೂತರು. ಗಣಪತಿಗಾದರೂ ನೈವೇದ್ಯ ಬೇಗ ಆಗಿತ್ತು.

"ಬದಲಾಗದೋನು ಬೆಳೆಯೋದಿಲ್ಲ ಕಣೋ" ಎನ್ನುತ್ತಾರೆ. ಅವರ ಪ್ರಕಾರ ಯಾವ ಅಭ್ಯಾಸಕ್ಕೂ ಇಪ್ಪತ್ತೊಂದು ದಿನ ಸಾಕು. ಈ ಇಪ್ಪತ್ತೊಂದರ ಮೂಲ, ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕ. ಮುಖ ತಿದ್ದಿಸಿಕೊಂಡವರಿಗೆ ಕನ್ನಡಿಯೊಳಗಿನ ಹೊಸ ಮುಖ ಒಗ್ಗಲು ಕಡಿಮೆಯೆಂದರೂ ಅಷ್ಟು ದಿನ ಬೇಕು ಎಂದಿದ್ದರು ಆತ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಜನರನ್ನಿಟ್ಟುಕೊಂಡು ನೋಡಿ 2009ರಲ್ಲಿ ಪ್ರಕಟಿಸಿದಂತೆ, ಅಭ್ಯಾಸವೊಂದು ಕೂರಲು ಸರಾಸರಿ 66 ದಿನ. ಕೆಲವರಿಗೆ 18, ಕೆಲವರಿಗೆ 254. ಇದನ್ನು ಹೇಳಿದೆ. "ಅರವತ್ತಾರು ದಿನ ಒಂದನ್ನೇ ಮಾಡ್ತಾ ಕೂತ್ರೆ ಬದಲಾಗೋದು ಯಾವಾಗಯ್ಯಾ?" ಎಂದರು.

ದಿನಕ್ಕೆ ಒಂದು ಪರ್ಸೆಂಟ್ ಸುಧಾರಿಸಿದರೆ ವರ್ಷಕ್ಕೆ 37 ಪಟ್ಟು ಎಂಬುದು ಅವರ ಇನ್ನೊಂದು ಲೆಕ್ಕ. ಚಕ್ರಬಡ್ಡಿ, ತಪ್ಪೇನಿಲ್ಲ. ಮೂರು ವರ್ಷದಿಂದ ಬಿಡದೆ ಸುಧಾರಿಸುತ್ತಿರುವ ಭಾವ ಅದೇ ಲೆಕ್ಕಕ್ಕೆ ಈಗ ಐವತ್ತು ಸಾವಿರ ಪಟ್ಟು ದಾಟಿರಬೇಕು. "ಇಷ್ಟಾದ್ರೂ ಒದ್ದೆ ಟವಲ್ ಮಂಚದ ಮೇಲೇ ಬೀಳುತ್ತೆ" ಎನ್ನುತ್ತಾಳೆ ಅಕ್ಕ.

ಆಫೀಸಿನಲ್ಲಿ ಅವರು ಮ್ಯಾನೇಜರು. ನಿಂತು ನಡೆಸುವ ಮೀಟಿಂಗ್ ಬಂತು, ನಡೆಯುತ್ತ ನಡೆಸುವ ಮೀಟಿಂಗ್ ಬಂತು, ಕುರ್ಚಿ ವಾಪಸು ಬಂತು. ಆಮೇಲೆ ಪೊಮೊಡೊರೊ. ಇಟಲಿಯ ಫ್ರಾನ್ಚೆಸ್ಕೊ ಚಿರಿಲ್ಲೊ ವಿದ್ಯಾರ್ಥಿಯಾಗಿದ್ದಾಗ ಟೊಮ್ಯಾಟೊ ಆಕಾರದ ಅಡುಗೆಮನೆ ಟೈಮರ್ ತಿರುಗಿಸಿಟ್ಟು ಓದಿದ ವಿಧಾನ ಅದು: 25 ನಿಮಿಷ ಕೆಲಸ, ಐದು ನಿಮಿಷ ಬಿಡುವು. ಭಾವನೂ ಅಂಥದ್ದೇ ಒಂದು ಟೊಮ್ಯಾಟೊ ತರಿಸಿದರು. ಕೈಕೆಳಗಿನ ಹುಡುಗರು ಜಾಣರು. ಹೊಸ ಪದ್ಧತಿ ಬಂದರೆ "ಆಗ್ಲಿ ಸರ್" ಎಂದು ಎರಡು ವಾರ ತಳ್ಳುತ್ತಾರೆ. ಅಷ್ಟರಲ್ಲಿ ಇನ್ನೊಂದು ಬಂದಿರುತ್ತದೆ.

ನಿಜವಾದ ಅನಾಹುತ ಆದದ್ದು ಕೈಜೆನ್ ಕಾಲದಲ್ಲಿ. ಬಿಡದೆ ಸ್ವಲ್ಪಸ್ವಲ್ಪವೇ ಸುಧಾರಿಸುತ್ತ ಹೋಗುವ ಜಪಾನಿನ ಕಾರ್ಖಾನೆ ಪದ್ಧತಿ ಅದು. ಎದುರುಮನೆ ಹುಡುಗ ಬಿಡದಿಯ ಕಾರು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಸ್ಪ್ಯಾನರ್ ಇಡುವ ಜಾಗದಲ್ಲಿ ಸ್ಪ್ಯಾನರಿನದೇ ಆಕಾರ ಬರೆದಿರುತ್ತೇವೆ, ಕಾಣೆಯಾದರೆ ತಕ್ಷಣ ಗೊತ್ತಾಗುತ್ತೆ ಎಂದು ಅವನು ಬಾಯಿಬಿಟ್ಟ. ಭಾನುವಾರ ಅಕ್ಕ ಮದುವೆಯೊಂದಕ್ಕೆ ಹೋಗಿ ಬರುವಷ್ಟರಲ್ಲಿ ಅಡುಗೆಮನೆ ಗೋಡೆಯ ಮೇಲೆ ಲಟ್ಟಣಿಗೆ, ಸೌಟು, ಜಾಲರಿಗಳ ಕಪ್ಪು ಗೆರೆ ಮೂಡಿತ್ತು, ಕೊಲೆಯಾದ ಜಾಗದಲ್ಲಿ ಪೊಲೀಸರು ಬರೆದ ಹಾಗೆ. ಡಬ್ಬಿಗಳೆಲ್ಲ ಅಕಾರಾದಿ: ಅಕ್ಕಿ, ಅರಿಸಿನ, ಅವಲಕ್ಕಿ. ಇಪ್ಪತ್ತು ವರ್ಷ ಕರೆಂಟ್ ಹೋದಾಗಲೂ ಸಾಸಿವೆಗೇ ಹೋಗುತ್ತಿದ್ದ ಅಕ್ಕನ ಕೈ ಆ ರಾತ್ರಿ ಪಕ್ಕದ ಸಬ್ಬಕ್ಕಿಗೆ ಹೋಯಿತು. ಸಾರಿಗೆ ಸಬ್ಬಕ್ಕಿ ಒಗ್ಗರಣೆ. ಮುಂದಿನ ವಾರ ಡಬ್ಬಿಗಳು ಎತ್ತರದ ಪ್ರಕಾರ ನಿಂತವು.

ಬಿಡದಿಯ ಹುಡುಗನೇ ಹೆದರಿದ. "ಅಂಕಲ್, ನಮ್ಮಲ್ಲಿ ಮೊದಲು ಒಂದು ಕ್ರಮ ಗಟ್ಟಿ ಮಾಡ್ಕೋತೀವಿ. ಎಲ್ರೂ ಅದನ್ನ ಹಾಗೇ ಮಾಡ್ತಿದ್ರೆ ತಾನೆ ಎಲ್ಲಿ ಸುಧಾರಿಸ್ಬೇಕು ಅಂತ ಗೊತ್ತಾಗೋದು?" ಭಾವ ತುಂಬ ಮೆಚ್ಚಿಕೊಂಡರು. ಹೊಸ ಡೈರಿ ತಂದು ಬರೆದಿಟ್ಟರು. ಹಳೆಯದರಲ್ಲಿ ಹನ್ನೆರಡು ಪುಟ ತುಂಬಿತ್ತಷ್ಟೆ.

ಈಚೆಗೆ ಅಕ್ಕ ಯಾವ ಪುಸ್ತಕವನ್ನೂ ಓದದೆ ಕಾರು ಕಲಿಯಲು ಎಲ್‌ಎಲ್‌ಆರ್ ಮಾಡಿಸಿದಳು. ಬೆಳಿಗ್ಗೆ ಆರಕ್ಕೆ ಕ್ಲಾಸು. ಭಾವ ತಬ್ಬಿಬ್ಬಾದರು. "ಈ ವಯಸ್ಸಲ್ಲಿ ಯಾಕೆ ಬೇಕಿತ್ತು? ಆರು ಗಂಟೆಗೆ ನನ್ ಕಾಫಿ? ಯಾವ ಬದಲಾವಣೆನೂ ನಿಧಾನವಾಗಿ ಬರ್ಬೇಕು ಕಣೇ."

"ನಿಧಾನವಾಗೇ ಶುರು ಮಾಡ್ರೀ. ಇವತ್ತು ಹಾಲು ಒಂದು ಕಾಯ್ಸಿಡಿ ಸಾಕು" ಎಂದು ಅಕ್ಕ ಚಪ್ಪಲಿ ಮೆಟ್ಟಿದಳು.

ಭಾವ ಹಾಲನ್ನು ಒಲೆಯ ಮೇಲಿಟ್ಟು, ಟೊಮ್ಯಾಟೊವನ್ನು 25 ನಿಮಿಷಕ್ಕೆ ತಿರುಗಿಸಿ, ಹೊಸ ಪುಸ್ತಕ ಬಿಚ್ಚಿದರು. ಐದನೇ ನಿಮಿಷಕ್ಕೆ ಹಾಲು ಉಕ್ಕಿ, ಒಲೆಯಿಂದ ಕಟ್ಟೆಗೂ ಕಟ್ಟೆಯಿಂದ ನೆಲಕ್ಕೂ ಪ್ರಗತಿ ಸಾಧಿಸಿತು.