ಓಡುವವಳು ಒಬ್ಬಳು, ಏಳುವುದು ಮನೆಮಂದಿಯೆಲ್ಲ

“ಓಡೋದು ನಿಮ್ಮ ಸೊಸೆ, ಕಾಲೂ ಅವಳದೇ. ಇದರಲ್ಲಿ ಮನೆಯವರೆಲ್ಲ ಸೇರಿ ಮಾಡೋಕೆ ಏನಿದೆ ಹೇಳಿ?” ಎಂದು ಪಕ್ಕದ ಮನೆ ಟೀಚರಮ್ಮ ಕಾಂಪೌಂಡಿನ ಆಚೆಯಿಂದ ಕೇಳಿದರು. ಅವರು ಪೂಜೆಗೆ ದಾಸವಾಳ ಕೀಳುತ್ತಿದ್ದರು, ನಾನು ಬಟ್ಟೆ ಒಣಹಾಕುತ್ತಿದ್ದೆ. ಹೂವಿನ ಬುಟ್ಟಿ ತುಂಬಿತು, ಬಕೆಟ್ ಖಾಲಿಯಾಯಿತು, ಮಾತು ಮಾತ್ರ ಮುಗಿಯಲಿಲ್ಲ. ಕೇಳಬೇಕಾದ ಪ್ರಶ್ನೆಯನ್ನೇ ಅವರು ಕೇಳಿದ್ದರು.

ಮೊದಲು ದೂರದ ವಿಷಯ. ನಮ್ಮ ಸೊಸೆ ಓಡುವುದು ಹಾಫ್ ಮ್ಯಾರಥಾನ್, ಅಂದರೆ 21.0975 ಕಿಲೋಮೀಟರ್. ಮೈಸೂರಿನವರಿಗೆ ಹೇಳುವುದಾದರೆ ಇಲ್ಲಿಂದ ನಂಜನಗೂಡಿಗೆ ಹೋದಷ್ಟು, ಒಂದೆರಡು ಕಿಲೋಮೀಟರ್ ಕಡಿಮೆ ಇರಬಹುದು. “ಅದೇನು ಕೊನೆಯಲ್ಲಿ ಆ ಚಿಲ್ಲರೆ?” ಅಂದರು ಟೀಚರಮ್ಮ, ಮೂವತ್ತು ವರ್ಷ ಲೆಕ್ಕ ಕಲಿಸಿದವರಲ್ಲವೇ. ಅದು ಪೂರ್ತಿ ಮ್ಯಾರಥಾನಿನಿಂದ ಬಂದ ಚಿಲ್ಲರೆ. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಓಟವನ್ನು ವಿಂಡ್ಸರ್ ಅರಮನೆಯಿಂದ ಹೊರಡಿಸಿ, ಕ್ರೀಡಾಂಗಣದಲ್ಲಿ ರಾಜಮನೆತನದವರು ಕುಳಿತ ಜಾಗದ ಮುಂದೆ ಮುಗಿಸಿದರು. ಆ ದೂರ 42.195 ಕಿಲೋಮೀಟರ್ ಆಯಿತು. 1921ರಲ್ಲಿ ಅದನ್ನೇ ಗಟ್ಟಿ ಮಾಡಿದರು. ಅದರಲ್ಲಿ ಅರ್ಧ ನಮ್ಮ ಹುಡುಗಿಯ ಪಾಲು.

ಆದರೆ ಟೀಚರಮ್ಮ, ದೂರಕ್ಕೆ ಯಾರೂ ಹೆದರಬೇಕಿಲ್ಲ. ನಿತ್ಯ ಸ್ವಲ್ಪ ಸ್ವಲ್ಪ ಓಡಿದರೆ ಕಾಲು ಅದನ್ನು ಕಲಿಯುತ್ತದೆ. ಕಷ್ಟ ಇರುವುದು ಬೆಳಗಿನ ಐದರಿಂದ ಎಂಟರವರೆಗಿನ ಹೊತ್ತಿನಲ್ಲಿ. ಬಿಸಿಲೇರುವ ಮೊದಲು, ರಸ್ತೆಗೆ ಗಾಡಿಗಳು ಇಳಿಯುವ ಮೊದಲು ಓಡಿ ಮುಗಿಸಬೇಕು. ನಮ್ಮ ಮನೆಗಳಲ್ಲಿ ಹಾಲು ಕಾಯಿಸುವುದು, ತಿಂಡಿ ಮಾಡುವುದು, ಮಗುವಿನ ಡಬ್ಬಿ ಕಟ್ಟುವುದು, ನಲ್ಲಿ ನೀರು ಹಿಡಿಯುವುದು, ಸ್ಕೂಲ್ ವ್ಯಾನಿಗೆ ಕಾಯುವುದು, ಎಲ್ಲ ಬರುವುದೂ ಅದೇ ಹೊತ್ತಿಗೆ. ಗಂಡಸು ಶೂ ಕಟ್ಟಿಕೊಂಡು ಹೊರಟರೆ ಮನೆ ಎಂದಿನಂತೆ ನಡೆಯುತ್ತದೆ. ಹೆಂಗಸು ಹೊರಟರೆ ಒಲೆಯ ಮುಂದಿನ ಜಾಗ ಖಾಲಿಯಾಗುತ್ತದೆ. ಆ ಜಾಗದಲ್ಲಿ ಯಾರು ನಿಲ್ಲುತ್ತಾರೆ ಅನ್ನುವುದರ ಮೇಲೆ ಅವಳು ಓಡುತ್ತಾಳೋ ಇಲ್ಲವೋ ಎಂಬುದು ತೀರ್ಮಾನವಾಗುತ್ತದೆ. ಬೂಟು, ವಾಚು, ಟೀ ಶರ್ಟು ಎಲ್ಲ ಆಮೇಲಿನ ಮಾತು.

ತಯಾರಿಗೆ ಮೂರು ನಾಲ್ಕು ತಿಂಗಳು ಬೇಕು. ವಾರದಲ್ಲಿ ಮೂರೋ ನಾಲ್ಕೋ ದಿನ ಓಟ, ಅದರಲ್ಲಿ ಭಾನುವಾರದ್ದು ಉದ್ದದ ಓಟ. ಅದನ್ನು ಅವರು ಲಾಂಗ್ ರನ್ ಅನ್ನುತ್ತಾರೆ. ಎಂಟು ಕಿಲೋಮೀಟರಿನಿಂದ ಶುರುವಾಗಿ ವಾರವಾರವೂ ಒಂದೊಂದೇ ಏರುತ್ತಾ ಹದಿನೆಂಟರವರೆಗೆ ಹೋಗುತ್ತದೆ, ಸ್ಪರ್ಧೆಗೆ ಎರಡು ವಾರ ಇದೆ ಅನ್ನುವಾಗ ಇಳಿಯುತ್ತದೆ. ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ಎಷ್ಟೊಂದು ಸುತ್ತು! ನಮ್ಮ ಮನೆಯಲ್ಲಿ ಕೆಲಸ ಹಂಚಿಕೊಂಡ ಬಗೆ ಹೀಗೆ: ತಿಂಡಿ ನನ್ನದು. ಹಾಲು, ನೀರು, ಮೊಮ್ಮಗನನ್ನು ವ್ಯಾನು ಹತ್ತಿಸುವುದು ನಮ್ಮ ಯಜಮಾನರದು. ಶನಿವಾರ ಸಂಜೆ ಇಡ್ಲಿ ಹಿಟ್ಟು ರುಬ್ಬುವುದು, ಕತ್ತಲಿರುವಾಗ ಹೊರಟರೆ ಸೈಕಲ್ಲಿನಲ್ಲಿ ಅವಳ ಹಿಂದೆ ಹೋಗುವುದು ಮಗನದು. ನಾಯಿಗಳ ಕಾಟವೂ ಇದೆ, ಬೀದಿ ದೀಪ ಉರಿಯದ ತಿರುವುಗಳೂ ಇವೆ, ಒಬ್ಬಳೇ ಹೋಗು ಅನ್ನುವುದು ಸರಿಯಲ್ಲ.

“ಹಾಗಾದ್ರೆ ನಿಮಗೆಲ್ಲ ಭಾನುವಾರವೂ ನಿದ್ದೆ ಇಲ್ಲ” ಅಂದರು. ಇಲ್ಲ, ನಿಜ. ಆದರೆ ಒಂಬತ್ತಕ್ಕೆ ಅವಳು ಬೆವರಿಳಿಯುತ್ತಾ ಬಂದು, ಶೂ ಬಿಚ್ಚಿ, ಜಗಲಿಯ ಮೇಲೆ ಕಾಲು ಚಾಚಿ ಕೂತಾಗ ಅವಳ ಮುಖ ನೋಡಬೇಕು ನೀವು. ಆಫೀಸಿನಿಂದ ಬಂದ ಮುಖ ಅಲ್ಲ ಅದು.

ಅವಳೇ ಒಂದು ದಿನ ಬಾಬಿ ಗಿಬ್ ಎಂಬಾಕೆಯ ವಿಷಯ ಹೇಳಿದಳು. ಅಮೆರಿಕದ ಹೆಣ್ಣುಮಗಳು. 1966ರಲ್ಲಿ ಬಾಸ್ಟನ್ ಮ್ಯಾರಥಾನಿಗೆ ಅರ್ಜಿ ಕೇಳಿದರೆ, ಹೆಂಗಸರಿಗೆ ಅಷ್ಟು ದೂರ ಓಡುವ ಶಕ್ತಿ ಇಲ್ಲ ಎಂದು ಉತ್ತರ ಬಂತಂತೆ. ಆಕೆ ದಿನಗಟ್ಟಲೆ ಬಸ್ಸಿನಲ್ಲಿ ಕೂತು ತವರಿಗೆ ಬಂದಳು. ಮಗಳಿಗೆ ಬುದ್ಧಿ ಕೆಟ್ಟಿದೆ ಅಂದುಕೊಂಡರು ಅಪ್ಪ. ಅಮ್ಮ ಮಾತ್ರ ಕಾರಿನಲ್ಲಿ ಕೂರಿಸಿಕೊಂಡು ಓಟ ಹೊರಡುವ ಊರಿನವರೆಗೆ ಬಿಟ್ಟು ಬಂದರು. ಅಣ್ಣನೋ ತಮ್ಮನೋ ಹಾಕಿಕೊಳ್ಳುತ್ತಿದ್ದ ಚಡ್ಡಿ ತೊಟ್ಟು, ಮೇಲೆ ಟೋಪಿ ಇರುವ ಅಂಗಿ ಹಾಕಿ, ಪೊದೆಯಲ್ಲಿ ಅಡಗಿದ್ದು, ಗಂಡಸರು ಹೊರಟ ಮೇಲೆ ನಡುವೆ ಸೇರಿಕೊಂಡಳು. ಮೂರು ಗಂಟೆ ಇಪ್ಪತ್ತೊಂದು ನಿಮಿಷದಲ್ಲಿ ಗುರಿ ಮುಟ್ಟಿದಳು. ಬಾಸ್ಟನ್ನಿನಲ್ಲಿ ಹೆಂಗಸರಿಗೆ ಅಧಿಕೃತವಾಗಿ ಬಾಗಿಲು ತೆರೆದದ್ದು 1972ರಲ್ಲಿ. ಒಲಿಂಪಿಕ್ಸಿಗೆ ಹೆಂಗಸರ ಮ್ಯಾರಥಾನ್ ಬಂದದ್ದು 1984ರಲ್ಲಿ, ಲಾಸ್ ಏಂಜಲೀಸಿನಲ್ಲಿ. ನನಗೆ ಈ ಕತೆಯಲ್ಲಿ ಮನಸ್ಸು ನಿಂತದ್ದು ಆ ಅಮ್ಮನ ಹತ್ತಿರ. ಊರೆಲ್ಲ ಬೇಡ ಅಂದರೂ ಮಗಳನ್ನು ಕಾರು ಹತ್ತಿಸಿದ ಆ ಹೆಂಗಸು ಇಲ್ಲದಿದ್ದರೆ ಬಾಬಿ ಆವತ್ತು ಆ ಪೊದೆಯವರೆಗೆ ಹೇಗೆ ತಲುಪುತ್ತಿದ್ದಳು?

“ಅವರೆಲ್ಲ ಮೊದಲನೇ ಸಲ ಓಡಿದವರು, ಪರಿಣತರಿಗೆ ಇದೆಲ್ಲ ಬೇಕಾ?” ಅಂದರು ಟೀಚರಮ್ಮ. ಬೇಕು. ಕೀನ್ಯಾದ ಎಲಿಯುಡ್ ಕಿಪ್‌ಚೋಗೆ 2019ರ ಅಕ್ಟೋಬರಿನಲ್ಲಿ ವಿಯೆನ್ನಾದಲ್ಲಿ ಪೂರ್ತಿ ಮ್ಯಾರಥಾನನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದರು. ಅದಕ್ಕೂ ಮುಂಚೆ ಎರಡು ಗಂಟೆಯೊಳಗೆ ಯಾರೂ ಆ ದೂರ ಮುಗಿಸಿರಲಿಲ್ಲ. ಸರದಿಯ ಮೇಲೆ ಅವರ ಸುತ್ತ ಓಡುತ್ತಾ ಗಾಳಿ ತಡೆದವರು 41 ಮಂದಿ, ಒಬ್ಬೊಬ್ಬರೂ ಹೆಸರಾಂತ ಓಟಗಾರರೇ. ಹಾಗೆ ನೆರವು ಪಡೆದದ್ದರಿಂದ ವಿಶ್ವದಾಖಲೆಯ ಪಟ್ಟಿಗೆ ಅದು ಸೇರಲಿಲ್ಲ. ಸೇರದಿದ್ದರೂ ಕಿಪ್‌ಚೋಗೆ ಅವರೆಲ್ಲರಿಗೂ ಧನ್ಯವಾದ ಹೇಳಿದರು. ಆವತ್ತು ಗುರಿಯ ಗೆರೆಯ ಹತ್ತಿರ ಅವರ ಹೆಂಡತಿಯೂ ಮಕ್ಕಳೂ ಇದ್ದರು. ಆಗ ಜಗತ್ತಿನಲ್ಲೇ ಎಲ್ಲರಿಗಿಂತ ಚೆನ್ನಾಗಿ ಓಡುತ್ತಿದ್ದವನಿಗೇ ಅಷ್ಟು ಜನ ಬೇಕಾಗಿದ್ದರೆ, ಸಂಜೆಯವರೆಗೆ ಬ್ಯಾಂಕಿನ ಕೌಂಟರಿನಲ್ಲಿ ಕೂತು ಬರುವ ನಮ್ಮ ಹುಡುಗಿಗೆ ನಾವು ನಾಲ್ಕು ಜನ ಬೇಡವೇ?

ಊಟದ ವಿಷಯಕ್ಕೆ ಬಂದರೆ ನನಗೆ ಮಾತು ಜಾಸ್ತಿ, ಅದು ನನ್ನ ಇಲಾಖೆ. ಉದ್ದದ ಓಟಕ್ಕೆ ದೇಹ ಮುಖ್ಯವಾಗಿ ಬಳಸುವುದು ಸ್ನಾಯುಗಳಲ್ಲೂ ಪಿತ್ತಜನಕಾಂಗದಲ್ಲೂ ಕೂಡಿಟ್ಟ ಸಕ್ಕರೆಯನ್ನು. ಅದು ಒಂದೂವರೆ ಗಂಟೆ ಮೀರಿ ಜೋರಾಗಿ ಓಡಿದರೆ ಕರಗುತ್ತಾ ಬರುತ್ತದೆ. ಆದ್ದರಿಂದ ಕೊನೆಯ ಎರಡು ಮೂರು ದಿನ ಅನ್ನ, ಚಪಾತಿ, ಅವಲಕ್ಕಿ ಇಂಥವು ಸ್ವಲ್ಪ ಹೆಚ್ಚು. ಹಿಂದಿನ ರಾತ್ರಿ ಮುದ್ದೆ, ಕಾಳಿನ ಹುಳಿ, ಸೊಪ್ಪು ಬೇಡ. ಬೇರೆ ದಿನ ಅವು ಒಳ್ಳೆಯವೇ, ನಾರು ಜಾಸ್ತಿ ಇರುವುದರಿಂದ ಆ ರಾತ್ರಿಗೆ ಮಾತ್ರ ಒಗ್ಗುವುದಿಲ್ಲ. ಅನ್ನ, ತಿಳಿಸಾರು, ಒಂದು ಚಮಚ ತುಪ್ಪ, ಎಂಟು ಗಂಟೆಗೆ ಊಟ ಮುಗಿಯಬೇಕು. ಬೆಳಗ್ಗೆ ಹೊರಡುವುದಕ್ಕೆ ಎರಡು ಗಂಟೆ ಮುಂಚೆ ಬಾಳೆಹಣ್ಣು, ಬ್ರೆಡ್ಡು. ದಾರಿಯಲ್ಲಿ ನೀರೊಂದನ್ನೇ ಕುಡಿಯುತ್ತಾ ಹೋಗಬಾರದು, ಬೆವರಿನಲ್ಲಿ ಉಪ್ಪೂ ಹೋಗಿರುತ್ತದೆ. ಬರೀ ನೀರು ಅತಿಯಾದರೆ ರಕ್ತದ ಸೋಡಿಯಂ ಇಳಿದು ಅಪಾಯವಾಗುತ್ತದೆ. ಓಆರ್‌ಎಸ್ ಬೇಕು, ಅಥವಾ ಉಪ್ಪು ಹಾಕಿದ ನಿಂಬೆ ಪಾನಕ. ಹೆಂಗಸರು ತಯಾರಿ ಶುರು ಮಾಡುವಾಗಲೇ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಬೇಕು, ನಲವತ್ತು ದಾಟಿದವರು ಗಂಡಸಾಗಲಿ ಹೆಂಗಸಾಗಲಿ ಡಾಕ್ಟರಿಗೆ ಎದೆ ತೋರಿಸಿಕೊಂಡೇ ಇಳಿಯಬೇಕು.

ಮನೆಯವರು ಬೇಡ ಅನ್ನಬೇಕಾದ ದಿನವೂ ಬರುತ್ತದೆ. ಜ್ವರ ಇದ್ದಾಗ ಓಡಲು ಬಿಡಬಾರದು, ಹೃದಯದ ಸ್ನಾಯುವಿಗೇ ಉರಿಯೂತ ಆಗುವ ಅಪಾಯ ಇದೆ. ಓಡುವವರು ತಮ್ಮ ನೋವನ್ನು ಮುಚ್ಚಿಡುತ್ತಾರೆ. ಕುಂಟುತ್ತಾ ಬಚ್ಚಲಿಗೆ ಹೋದದ್ದನ್ನು ನೋಡುವವರು ಮನೆಯವರೇ. ಮಂಡಿ ನೋವಿದೆ, ಈ ವಾರ ಬಿಡು ಅಂತ ಗಟ್ಟಿಯಾಗಿ ಹೇಳುವ ಹಕ್ಕು, ಬೆಳಗ್ಗೆ ನಾಲ್ಕಕ್ಕೆ ಎದ್ದು ಕಾಫಿ ಇಟ್ಟವರಿಗೆ ಇದೆ ಎಂದು ನಾನು ನಂಬುತ್ತೇನೆ. ಶೂ ಹಳೆಯದಾದರೂ ನೋವು ಬರುತ್ತದೆ. ಐದುನೂರು, ಹೆಚ್ಚೆಂದರೆ ಎಂಟುನೂರು ಕಿಲೋಮೀಟರಿಗೆ ಅದರ ಅಡಿಯ ಮೆತ್ತೆ ಸೋಲುತ್ತದೆ, ಮೇಲೆ ಹೊಸದರಂತೆಯೇ ಕಾಣುತ್ತಿದ್ದರೂ ಸರಿ. ಅದಕ್ಕೆ ದುಡ್ಡು ಹೆಚ್ಚಾಯಿತು ಅನ್ನುವ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ.

ಸ್ಪರ್ಧೆಯ ಹಿಂದಿನ ಸಂಜೆ ನನಗೊಂದು ಕೆಲಸ ಕಾಯಂ. ನಂಬರು ಬರೆದ ಚೀಟಿ ಕೊಡುತ್ತಾರಲ್ಲ, ಅದನ್ನು ಬಿಬ್ ಅನ್ನುತ್ತಾರೆ. ಅದನ್ನು ಟೀ ಶರ್ಟಿಗೆ ಪಿನ್ನು ಹಾಕಿಕೊಡುವುದು. ಮಂಚದ ಮೇಲೆ ಶರ್ಟನ್ನು ಹರವಿ, ಸುಕ್ಕು ಬಿಡಿಸಿ, ಹೊಟ್ಟೆಯ ಮೇಲೆ ಬರುವಂತೆ ನಾಲ್ಕು ಮೂಲೆಗೂ ನಾಲ್ಕು ಪಿನ್ನು. ಪಿನ್ನಿನ ಮೊನೆ ಬಟ್ಟೆಯ ಒಳಗೆ ಎರಡು ಸಲ ಹೊಕ್ಕು ಹೊರಬರಬೇಕು, ಸೀರೆ ಸೆರಗಿಗೆ ಚುಚ್ಚಿದ ಕೈಗೆ ಅದು ಗೊತ್ತು. ಬಿಬ್ ಸಡಿಲವಾದರೆ ಗಾಳಿಗೆ ಪಟಪಟ ಬಡಿಯುತ್ತದೆ, ಎಳೆದು ಕಟ್ಟಿದರೆ ಉಸಿರೆಳೆದಾಗ ಮೂಲೆ ಹರಿಯುತ್ತದೆ. ಅದರ ಹಿಂದೆಯೇ ಹೊತ್ತು ಲೆಕ್ಕ ಹಾಕುವ ಚಿಪ್ಪು ಅಂಟಿರುತ್ತದೆ, ಮಡಚಬಾರದು. ಬಿಬ್ ಹಿಂಬದಿಯಲ್ಲಿ ರಕ್ತದ ಗುಂಪು, ಮನೆಯವರ ಫೋನ್ ನಂಬರು ಬರೆಯುವ ಜಾಗ ಇರುತ್ತದೆ. ಪೆನ್ನು ಹಿಡಿದು ಅದನ್ನು ತುಂಬುವಾಗ ಈ ಓಟದಲ್ಲಿ ನಮಗೂ ಜವಾಬ್ದಾರಿ ಇದೆ ಅನ್ನುವುದು ನನಗೆ ಪ್ರತಿಸಲವೂ ಮನಸ್ಸಿಗೆ ಬರುತ್ತದೆ. ಹೊಸ ಕಾಲುಚೀಲ, ಹೊಸ ಶೂ, ಹೊಸ ತಿಂಡಿ ಯಾವುದೂ ಆ ದಿನಕ್ಕೆ ಸಲ್ಲದು. ಬಟ್ಟೆ ಉಜ್ಜುವ ಕಡೆಗೆಲ್ಲ ವ್ಯಾಸಲೀನು.

“ನಾವು ಎಲ್ಲಿ ನಿಂತು ನೋಡಬೇಕು?” ಎಂದು ಟೀಚರಮ್ಮ ಕೇಳಿದ್ದು ನನಗೆ ಬಹಳ ಇಷ್ಟವಾಯಿತು. ಹೊರಡುವ ಕಡೆ ಎಲ್ಲರೂ ನಿಲ್ಲುತ್ತಾರೆ, ಅಲ್ಲಿ ಓಡುವವರಿಗೆ ಯಾರ ಅಗತ್ಯವೂ ಇರುವುದಿಲ್ಲ, ಮೈಯಲ್ಲಿ ಹುಮ್ಮಸ್ಸೇ ತುಂಬಿರುತ್ತದೆ. ಹದಿನೈದು ಹದಿನಾರನೇ ಕಿಲೋಮೀಟರಿನ ಹತ್ತಿರ ನಿಲ್ಲಿ. ಕಾಲು ಭಾರವಾಗುವುದು, ಯಾಕಪ್ಪ ಬಂದೆ ಅನ್ನಿಸುವುದು ಅಲ್ಲಿಯೇ. ಕಿಲೋಮೀಟರಿಗೆ ಏಳು ನಿಮಿಷ ಅಂತಿಟ್ಟರೆ, ಆರು ಗಂಟೆಗೆ ಹೊರಟವಳು ಹದಿನಾರನೆಯದಕ್ಕೆ ಏಳು ಐವತ್ತೆರಡಕ್ಕೆ ಬರುತ್ತಾಳೆ. ನೀವು ಹತ್ತು ನಿಮಿಷ ಮುಂಚೆಯೇ ಇರಿ. ರಸ್ತೆ ಮುಚ್ಚಿರುತ್ತಾರೆ, ಗಾಡಿ ದೂರ ಬಿಟ್ಟು ನಡೆಯಬೇಕು. ರಸ್ತೆಯ ಯಾವ ಬದಿಯಲ್ಲಿ ನಿಲ್ಲುತ್ತೀರಿ ಅಂತ ಹಿಂದಿನ ದಿನವೇ ಹೇಳಿಟ್ಟಿರಿ, ಇಲ್ಲವಾದರೆ ಅವಳು ಆ ಕಡೆ ನೋಡುತ್ತಾ ಹೋಗಿಬಿಡುತ್ತಾಳೆ. ಕಂಡ ಕೂಡಲೇ ಹೆಸರು ಹಿಡಿದು ಜೋರಾಗಿ ಕೂಗಿ. “ಇನ್ನೇನು ಬಂದೇ ಬಿಡ್ತು” ಅನ್ನಬೇಡಿ, ಐದು ಕಿಲೋಮೀಟರ್ ಬಾಕಿ ಇದೆ ಅನ್ನುವುದು ಅವಳ ಕಾಲಿಗೆ ನಮಗಿಂತ ಚೆನ್ನಾಗಿ ಗೊತ್ತು. “ಚೆನ್ನಾಗಿ ಓಡ್ತಿದೀಯ ಕಣೇ” ಅಂದರೆ ಸಾಕು. ಹೋದ ಸಲ ಮೊಮ್ಮಗ ರಟ್ಟಿನ ಮೇಲೆ ‘ಅಮ್ಮ, ನಾವು ಇಲ್ಲೇ ಇದ್ದೀವಿ’ ಎಂದು ಬರೆದು ಹಿಡಿದಿದ್ದ. ಅವಳು ಆ ಬೋರ್ಡನ್ನು ತಟ್ಟಿ ಹೋದಳು, ನಿಲ್ಲಲಿಲ್ಲ. ನಿಲ್ಲಬಾರದು ಕೂಡ.

ಹೀಗೆ ದಾರಿಬದಿಯಲ್ಲಿ ನಿಂತು ನೆರವಾಗುವುದು ನಮ್ಮ ಜನಕ್ಕೆ ಹೊಸದೂ ಅಲ್ಲ. ಶಿವರಾತ್ರಿಗೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆದು ಹೋಗುವವರಿಗೆ, ಮಾದಪ್ಪನ ಬೆಟ್ಟಕ್ಕೆ ನಡೆಯುವವರಿಗೆ ದಾರಿಯುದ್ದಕ್ಕೂ ಊರವರು ಮಜ್ಜಿಗೆ, ಪಾನಕ, ಹಣ್ಣು ಕೊಟ್ಟು ಕಾಲಿಗೆ ಎಣ್ಣೆ ತಿಕ್ಕುವುದನ್ನು ಕಂಡಿದ್ದೇವೆ. ಗುರುತು ಪರಿಚಯ ಕೇಳದೆ ಕೊಡುತ್ತಾರೆ. ಅದೇ ಕೈ ಈ ಓಟಕ್ಕೂ ಬರಬೇಕು ಅನ್ನುವುದು ನನ್ನ ಆಸೆ.

ಓಟ ಮುಗಿದ ಮೇಲೆ ಕೂಡಲೇ ಕೂರಲು ಬಿಡಬೇಡಿ, ಹತ್ತು ನಿಮಿಷ ಮೆಲ್ಲಗೆ ನಡೆಸಿ. ಒಣಗಿದ ಬಟ್ಟೆ, ಚಪ್ಪಲಿ, ಉಪ್ಪು ಹಾಕಿದ ನೀರುಮಜ್ಜಿಗೆ ಚೀಲದಲ್ಲಿರಲಿ. ಎಷ್ಟನೆಯವಳಾಗಿ ಬಂದೆ ಎಂದು ಕೇಳಬೇಡಿ. ಮುಂದಿನ ಎರಡು ದಿನ ಮೆಟ್ಟಿಲು ಹತ್ತುವಾಗಿನದಕ್ಕಿಂತ ಇಳಿಯುವಾಗ ತೊಡೆ ಹೆಚ್ಚು ನೋಯುತ್ತದೆ. ಮಹಡಿಯ ಮೇಲಿನ ಬಟ್ಟೆ ತರುವ ಕೆಲಸ ಆ ಎರಡು ದಿನ ಬೇರೆಯವರದಾಗಲಿ.

ನಿಮ್ಮ ಮನೆಯಲ್ಲೂ ಓಡಬೇಕೆಂದು ಆಸೆಪಟ್ಟ ಮಗಳೋ ಸೊಸೆಯೋ ಇದ್ದರೆ, ಭಾನುವಾರದ ಬೆಳಗನ್ನು ಅವಳಿಗೆ ಬಿಟ್ಟುಕೊಡಿ, ಒಲೆಯನ್ನು ನೀವು ವಹಿಸಿಕೊಳ್ಳಿ. ಓಟ ನಿಮ್ಮ ರಸ್ತೆಯಲ್ಲೇ ಹಾದುಹೋದರೆ ಗೇಟಿನ ಹತ್ತಿರ ಬಂದು ನಿಲ್ಲಿ, ಚಪ್ಪಾಳೆ ತಟ್ಟಿ. ಮುಂದಿನವರು ಹೋದರೆಂದು ಒಳಗೆ ಹೋಗಿಬಿಡಬೇಡಿ, ಹಿಂದೆ ಬರುವವರು ಅದೇ ದೂರವನ್ನು ಹೆಚ್ಚು ಹೊತ್ತು ಬಿಸಿಲಿನಲ್ಲಿ ಓಡಿಕೊಂಡು ಬರುತ್ತಿರುತ್ತಾರೆ. ಕೊನೆಯವರು ದಾಟುವವರೆಗೂ ಇರಿ.