ಟ್ರೇಲ್ ರಾಯರು

ಅರಿಜೋನಾದ ಫೀನಿಕ್ಸ್ ಕಡೆಯ ಕನ್ನಡಿಗರ ಯಾವ ಪಾಟ್‌ಲಕ್ಕಿಗಾದರೂ ಹೋಗಿ. ಬಿಸಿಬೇಳೆ ಬಾತಿನ ಪಾತ್ರೆಯ ಪಕ್ಕದಲ್ಲಿ ತಟ್ಟೆ ಹಿಡಿಯದೆ ನಿಂತವರು ಒಬ್ಬರು ಇದ್ದೇ ಇರುತ್ತಾರೆ. ವಯಸ್ಸು ನಲವತ್ತೈದರ ಆಚೀಚೆ, ಮಣಿಕಟ್ಟಿನಲ್ಲಿ ಇಡ್ಲಿಯಗಲದ ಗಡಿಯಾರ, ಕಾಲಲ್ಲಿ ಕೆಮ್ಮಣ್ಣು ಮೆತ್ತಿದ ಶೂ. ಆ ಮಣ್ಣನ್ನು ಬೇಕೆಂದೇ ತೊಳೆದಿರುವುದಿಲ್ಲ. ಟ್ರೇಲ್ ಎಂದರೆ ಕಾಡುಮೇಡಿನ ಕಾಲುದಾರಿ; ಅದರಲ್ಲಿ ಓಡುವ ಇವರೇ ಟ್ರೇಲ್ ರಾಯರು. ಹೆತ್ತವರಿಟ್ಟ ಹೆಸರು ಬೇರೆ ಇದೆ. ಅದು ಈಗ ಸಂಬಳದ ಚೀಟಿಗೆ ಮಾತ್ರ.

"ಊಟ ಮಾಡಿ ಸಾರ್" ಅಂದಿರೋ, ಸಿಕ್ಕಿಬಿದ್ದಿರಿ. "ಇಲ್ಲಪ್ಪ, ನಾಳೆ ಲಾಂಗ್ ರನ್ ಇದೆ" ಎಂದು ಶುರುವಾದ ಮಾತು ನೇರವಾಗಿ 1974ಕ್ಕೆ ಹೋಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ನೂರು ಮೈಲಿಯ ಕುದುರೆ ಪಂದ್ಯ. ಹಿಂದಿನ ವರ್ಷ ಗಾರ್ಡಿ ಏನ್ಸ್‌ಲೀ ಎಂಬಾತನ ಕುದುರೆ ನಡುದಾರಿಯಲ್ಲೇ ಕುಂಟಿತ್ತು. ಈ ಬಾರಿ ಆತ ಕುದುರೆಯ ಗೊಡವೆಯೇ ಬೇಡವೆಂದು ತಾನೇ ಓಡಿ, ನೂರು ಮೈಲಿಯನ್ನು 24 ಗಂಟೆಯೊಳಗೆ ಮುಗಿಸಿದ. ಅಲ್ಲಿಂದಲೇ ಬೆಟ್ಟಗಾಡಿನ ನೂರು ಮೈಲಿ ಓಟಗಳ ಹುಚ್ಚು ಹತ್ತಿದ್ದು. ಇಷ್ಟು ಹೇಳಿ ರಾಯರು ಕಣ್ಣರಳಿಸುತ್ತಾರೆ. ಕೇಳುತ್ತಿದ್ದವರು, "ಕುಂಟಿ ತಪ್ಪಿಸಿಕೊಳ್ತಲ್ಲ, ಜಾಣ ಕುದುರೆ ಸಾರ್" ಎಂದು ಹಪ್ಪಳ ಮುರಿಯುತ್ತಾರೆ.

ಬೇಸಿಗೆಯಲ್ಲಿ ಫೀನಿಕ್ಸ್ ಓಡುವ ಊರಲ್ಲ. 2023ರಲ್ಲಿ ಸತತ 31 ದಿನ ಅಲ್ಲಿನ ಹಗಲಿನ ತಾಪ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದ 43 ಡಿಗ್ರಿ, ಮುಟ್ಟದೆ ಬಿಡಲಿಲ್ಲ. ಆದ್ದರಿಂದ ರಾಯರು ರಜೆ ಸಿಕ್ಕೊಡನೆ ಸಂಸಾರವನ್ನು ಕಾರಿಗೆ ತುಂಬಿಕೊಂಡು ಯೂಟಾ ರಾಜ್ಯದ ಬ್ರೈಸ್ ಕ್ಯಾನ್ಯನ್‌ಗೆ ಹೊರಡುತ್ತಾರೆ. ಮನೆಯಲ್ಲಿ ಹೇಳುವುದು, "ಮಕ್ಕಳಿಗೆ ಪ್ರಕೃತಿ ತೋರಿಸೋಣ" ಎಂದು. ಮನಸ್ಸಿನಲ್ಲಿರುವುದು ಫೇರಿಲ್ಯಾಂಡ್ ಲೂಪ್.

ಅದು ಎಂಟು ಮೈಲಿಯ, ಎಂದರೆ ಸುಮಾರು 13 ಕಿಲೋಮೀಟರಿನ ಸುತ್ತು. ಅಂಚಿನಿಂದ ಕೆಳಗಿಳಿದು, ಕಲ್ಲುಕಂಬಗಳ ನಡುವೆ ಹಾದು, ಟವರ್ ಬ್ರಿಜ್ ಎಂಬ ಬಂಡೆಯ ಹತ್ತಿರ ಬಂದು, ಸನ್‌ರೈಸ್ ಪಾಯಿಂಟ್‌ಗೆ ಹತ್ತಿ, ಅಂಚಿನ ಮೇಲೆಯೇ ಹೊರಟಲ್ಲಿಗೆ ಮರಳುವುದು. ನಡೆಯುವವರಿಗೆ ನಾಲ್ಕೈದು ಗಂಟೆಯ ಕೆಲಸ. ಹೊರಡುವ ಜಾಗವೇ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ನಾನೂರು ಮೀಟರಿಗೂ ಹೆಚ್ಚು ಎತ್ತರ. ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ. ದಾರಿಯುದ್ದಕ್ಕೂ ಕುಡಿಯಲು ಹನಿ ನೀರಿಲ್ಲ. ಹಾಗಾಗಿ ರಾಯರು ಹಿಂದಿನ ರಾತ್ರಿಯೇ ಹೋಟೆಲಿನ ಮಂಚದ ಮೇಲೆ ಸಾಮಾನು ಹರಡುತ್ತಾರೆ: ಎದೆಗೆ ಅಂಟಿ ಕೂರುವ ವೆಸ್ಟು, ಅದರ ಜೇಬಿಗೆ ಮೆದು ಬಾಟಲಿಗಳು, ಜೆಲ್ ಪೊಟ್ಟಣ, ಉಪ್ಪಿನ ಗುಳಿಗೆ, ಮಡಿಚುವ ಕೋಲು, ಮತ್ತು ಪುಟ್ಟ ಜಿಪ್ ಚೀಲದಲ್ಲಿ ಅಮ್ಮ ಕಳಿಸಿದ ಮಿಡಿ ಉಪ್ಪಿನಕಾಯಿ. ಬೆವರಿದಾಗ ಬರೀ ನೀರು ಕುಡಿಯುತ್ತ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ಅಪಾಯ, ಅದಕ್ಕೇ ಉಪ್ಪು ಬೇಕು ಎಂದು ಅವರು ವಿವರಿಸುವಾಗ ಹೆಂಡತಿ ಮಲಗಲು ಮಂಚ ಖಾಲಿಯಾಗುವುದನ್ನು ಕಾಯುತ್ತಿರುತ್ತಾರೆ.

ಇನ್ನು ಅಲ್ಲಿನ ನೋಟ. ಕಿತ್ತಳೆ, ಕಾವಿ, ಕೆನೆ ಬಣ್ಣದ ಕಂಬಗಳು ಸಾವಿರಗಟ್ಟಲೆ. ನದಿ ಕೊರೆದದ್ದಲ್ಲವಾದ್ದರಿಂದ ಭೂವಿಜ್ಞಾನಿಗಳು ಇದನ್ನು ಕ್ಯಾನ್ಯನ್ ಎಂದೇ ಒಪ್ಪುವುದಿಲ್ಲ. ಹಗಲು ಕರಗಿದ ಹಿಮ ಬಿರುಕಿಗಿಳಿದು, ರಾತ್ರಿ ಹೆಪ್ಪುಗಟ್ಟಿ ಹಿಗ್ಗಿ ಬಂಡೆಯನ್ನು ಸೀಳುತ್ತದೆ. ವರ್ಷದಲ್ಲಿ ಸುಮಾರು 170 ರಾತ್ರಿ ಅದಕ್ಕೆ ಇದೇ ಕಸುಬು. ದುರ್ನಡತೆಗಾಗಿ ಕಾಯೋಟಿ ದೇವತೆಯ ಶಾಪಕ್ಕೆ ಸಿಕ್ಕಿ ಕಲ್ಲಾದ ಜನ ಇವರು ಎನ್ನುವುದು ಅಲ್ಲಿನ ಮೂಲನಿವಾಸಿ ಪಾಯೂಟರ ಕತೆ. ಫಲಕದಲ್ಲಿ ಇದನ್ನೋದಿದ ರಾಯರ ಹೆಂಡತಿ, "ನೋಡಿ, ಶಾಪ ಬಿದ್ದವರಿಗಾದ್ರೂ ಒಂದು ಕಡೆ ನಿಲ್ಲೋ ಯೋಗ ಇದೆ" ಎಂದರು. ಕೇಳಿಸಿಕೊಳ್ಳಲು ರಾಯರು ಅಲ್ಲಿರಲಿಲ್ಲ.

ಅವರು ಇಳಿಜಾರಿನಲ್ಲಿದ್ದರು. ಸಡಿಲ ಜಲ್ಲಿಯ ಮೇಲೆ ಓಡುವವನು ಕಾಲಿನ ಮುಂದಿನ ಮೂರು ಹೆಜ್ಜೆಯಿಂದ ಕಣ್ಣು ಕೀಳುವಂತಿಲ್ಲ. ಕಿತ್ತರೆ ಹಲ್ಲು ಉಳಿಯುವುದಿಲ್ಲ. ಆದ್ದರಿಂದ ಪ್ರಪಂಚದ ಮೂಲೆಮೂಲೆಯಿಂದ ಜನ ಬಂದು ಬಾಯಿಬಿಟ್ಟು ನೋಡುವ ಜಾಗದಲ್ಲಿ ರಾಯರು ನೋಡುವುದು ಜಲ್ಲಿ, ನಡುನಡುವೆ ಗಡಿಯಾರ. ನೋಟವನ್ನು ಆಮೇಲೆ ಹೆಂಡತಿಯ ಮೊಬೈಲಿನಲ್ಲಿ ನೋಡುತ್ತಾರೆ.

ಏರಿನಲ್ಲಿ ನಡೆಯುತ್ತಾರೆ. ಹೆಸರಾಂತ ಓಟಗಾರರೂ ಕಡಿದಾದ ಏರಿನಲ್ಲಿ ನಡೆಯುತ್ತಾರೆ ಎಂಬುದು ನಿಜ; ಏರು ಇರುವಷ್ಟು ಹೊತ್ತು ರಾಯರು ಅವರಿಗೆ ಸರಿಸಮ. ಹತ್ತುವವರಿಗೆ ಇಳಿಯುವವರು ದಾರಿ ಬಿಡಬೇಕೆಂಬುದು ಬೆಟ್ಟದ ಕಾನೂನು. ಆದರೂ ದೂರದಲ್ಲಿ ಯಾರಾದರೂ ಇಳಿಯುವುದು ಕಂಡರೆ ಸಾಕು, ರಾಯರು ಬಂಡೆಗೊರಗಿ ನಿಂತು, "ಬನ್ನಿ ಬನ್ನಿ, ಅವಸರವಿಲ್ಲ" ಎಂದು ಕೈಬೀಸುತ್ತಾರೆ. ಇಳಿಯುವವರಿಗೆ ಅಷ್ಟು ಸಾವಕಾಶವಾಗಿ ದಾರಿ ಬಿಡುವ ಸಜ್ಜನರು ಆ ಕಾಡಿನಲ್ಲಿ ಇನ್ನೊಬ್ಬರಿಲ್ಲ.

ಹೀಗೊಮ್ಮೆ ಟವರ್ ಬ್ರಿಜ್ ಬಳಿ ಬೆರಳಿಗೆ ಕಲ್ಲು ತಗುಲಿ ರಾಯರ ಬಾಯಿಂದ "ಅಯ್ಯಮ್ಮಾ!" ಹೊರಟಿತು. ಜೂನಿಪರ್ ಮರದ ನೆರಳಿನಿಂದ ಒಂದು ದನಿ: "ಏನ್ರೀ, ಕನ್ನಡದೋರಾ?"

ಮಗನ ಮನೆಗೆ ಬಂದ ಹಿರಿಯ ದಂಪತಿ. ಯಜಮಾನರ ಕಾಲಲ್ಲಿ ಚಪ್ಪಲಿ, ಆಕೆಯ ಸೀರೆಯ ಕೆಳಗೆ ಮಗನ ಕ್ಯಾನ್ವಾಸ್ ಶೂ. ಇಳಿಜಾರೆಂದು ಇಳಿದಿದ್ದರು, ಮೇಲಕ್ಕೆ ಇನ್ನೂ ಒಂದೂವರೆ ಮೈಲಿಗೂ ಹೆಚ್ಚು ಇತ್ತು, ಬಾಟಲಿಯಲ್ಲಿ ಒಂದು ಗುಟುಕು ನೀರು. ಮೊಮ್ಮಕ್ಕಳೊಂದಿಗೆ ಮಗ ಮೇಲೇ ಉಳಿದಿದ್ದ.

"ಯಾಕೆ ಹಿಂಗೆ ಓಡ್ತಿದೀರಿ? ಹಸು ಗಿಸು ತಪ್ಪಿಸ್ಕೊಂಡಿದ್ಯಾ?" ಎಂದರು ಹಿರಿಯರು. ಈ ಜಾಗಕ್ಕೆ ಹೆಸರು ಕೊಟ್ಟ ಎಬೆನೀಝರ್ ಬ್ರೈಸ್, ಹಸು ಕಳೆದುಕೊಳ್ಳಲು ಇದಕ್ಕಿಂತ ಕೆಟ್ಟ ಜಾಗವಿಲ್ಲ ಎಂದಿದ್ದನೆಂದು ಪ್ರತೀತಿ. ಹಿರಿಯರು ಅದನ್ನೇನೂ ಓದಿರಲಿಲ್ಲ. ರೈತನ ಬುದ್ಧಿ ಎಲ್ಲಿಯಾದರೂ ಒಂದೇ.

ರಾಯರು ತಮ್ಮ ಬಾಟಲಿ ಎರಡನ್ನೂ ಕೊಟ್ಟರು, ಉಪ್ಪಿನ ಗುಳಿಗೆಯನ್ನೂ ತೆಗೆದರು. "ಮಾತ್ರೆಗೀತ್ರೆ ಬ್ಯಾಡಪ್ಪ, ನಂಗೆ ಬಿಪಿ" ಎಂದು ಆಕೆ ಕೈಯಾಡಿಸಿದರು. ಮಿಡಿಯ ಚೀಲ ಹೊರಬಂತು. "ಮನೇದಾ?" ಎಂದು ಕೇಳಿ, ಬಿಪಿಯನ್ನು ಮರೆತು ಒಂದನ್ನು ಬಾಯಿಗಿಟ್ಟು, "ಹಾ, ಸಾಸಿವೆ ಸ್ವಲ್ಪ ಮುಂದಾಗಿದೆ" ಎಂದರು. ಆಮೇಲೆ ಮೂವರೂ ಹೊರಟರು. ಆಕೆಯ ಕೈಯಲ್ಲಿ ರಾಯರ ಕೋಲು, ಹಿರಿಯರ ಕೈಗೆ ರಾಯರ ಭುಜ. ತಿರುವು ತಿರುವಿಗೂ ಕೂತು, ಯಾವೂರು, ಯಾರ ಪೈಕಿ, ಮಕ್ಕಳೆಷ್ಟು ಎಲ್ಲ ಆಗಿ, ಸನ್‌ರೈಸ್ ಪಾಯಿಂಟ್‌ನಲ್ಲಿ ಗಾಬರಿಯಾಗಿದ್ದ ಮಗನಿಗೆ ಇಬ್ಬರನ್ನೂ ಒಪ್ಪಿಸಿದರು.

ಗಡಿಯಾರ ನಿಲ್ಲಿಸುವುದು ಮರೆತೇ ಹೋಗಿತ್ತು. ಸಂಜೆ ಓಟ ದಾಖಲಿಸುವ ಸ್ಟ್ರಾವಾ ಆ್ಯಪಿನಲ್ಲಿ ಓಟ ಮೂಡಿದಾಗ ಆ ಏರಿನ ವೇಗ ಮೈಲಿಗೆ 58 ನಿಮಿಷ. ಗೆಳೆಯರೊಬ್ಬರು, "ಏನ್ ಗುರುವೇ, ನಿದ್ದೆ ಹೋಗಿದ್ರಾ?" ಎಂದು ಕೆಣಕಿದರು. ರಾಯರು ಬಹಳ ಯೋಚಿಸಿ ಉತ್ತರ ಟೈಪಿಸಿದರು: "ಟೆಕ್ನಿಕಲ್ ಟೆರೇನ್. ಆಲ್ಟಿಟ್ಯೂಡ್ ಬೇರೆ." ಹಿರಿಯರನ್ನು ಕೈಹಿಡಿದು ಹತ್ತಿಸಿದೆ ಎಂದು ಬರೆದರೆ ನಾಲ್ಕು ಜನರೆದುರು ಓಟಗಾರನ ಮಾನ ಏನಾಗಬೇಕು?