ಜರುಗುಶಾಸ್ತ್ರ: ಹಾವೇರಿ ಸೀಮೆಯ ಗೃಹಾಲಂಕಾರದ ಮೇಲೊಂದು ಕಿರು ಮೀಮಾಂಸೆ

“ಹಳೆಯದು ಹೋಗದು, ಜರುಗುವುದು.” ಈ ಶಾಸ್ತ್ರದ ಮೊದಲ ಸೂತ್ರವಿದು. ಎರಡನೆಯದು ಇಲ್ಲ. ಒಂದರಲ್ಲೇ ಕೆಲಸ ಮುಗಿಯುವಾಗ ಇನ್ನೊಂದಕ್ಕೆ ಯಾಕೆ ಖರ್ಚು ಎಂದು ಸೂತ್ರಕಾರರು ಅಲ್ಲಿಗೇ ನಿಲ್ಲಿಸಿದ್ದಾರೆ. ಸೂತ್ರಕಾರರೆಂದರೆ ನಮ್ಮ ಅವ್ವ. ಭಾಷ್ಯವೂ ಅವಳದೇ. ಪ್ರಸ್ತುತ ಲೇಖಕ ಬರೀ ಲಿಪಿಕಾರ. ನಡುನಡುವೆ ನಿಚ್ಚಣಿಕೆ ಹಿಡಿದು ನಿಲ್ಲುವವನು.

ಶಾಸ್ತ್ರೋದಯಕ್ಕೆ ನಿಮಿತ್ತವಾದದ್ದು ಒಂದು ಫೋನು. ತಂಗಿಯ ಗಂಡನ ಮನೆಯವರು ಬ್ಯಾಡಗಿಗೆ ಮೆಣಸಿನಕಾಯಿ ತರುವವರಿದ್ದರು. ಅಲ್ಲಿ ವ್ಯಾಪಾರ ಸೋಮವಾರ ಮತ್ತು ಗುರುವಾರ. “ಗುರುವಾರ ಮಾಲು ಹಚ್ಚಿ, ಪಟ್ಟಿ ತಗೊಂಡು, ಹಂಗ ಮೋಟೆಬೆನ್ನೂರಾಗ ನಿಮ್ಮನೀಗೆ ಬಂದು ಹೊಕ್ಕೇವಿ” ಅಂದರು ಬೀಗರು. ನಮ್ಮ ಪಡಸಾಲೆಯೋ, ಎರಡು ದೀಪಾವಳಿಯಿಂದ ಸುಣ್ಣ ಕಂಡಿರಲಿಲ್ಲ.

ಪೂರ್ವಪಕ್ಷ ನನ್ನದು: ರಾಣೆಬೆನ್ನೂರಿಗೆ ಹೋಗುವುದು, ಹೊಸ ಪರದೆ, ಗೋಡೆಗೆ ಅಂಟಿಸುವ ಹೂವಿನ ಕಾಗದ, ಒಂದೆರಡು ಪ್ಲಾಸ್ಟಿಕ್ ಹೂಕುಂಡ ತರುವುದು. ಈ ಮತವನ್ನು ಅವ್ವ ಖಂಡಿಸಿದ ಕ್ರಮವನ್ನು ಪೂರ್ತಿ ಬರೆಯುವುದು ಲೇಖಕನ ಮರ್ಯಾದೆಗೆ ಒಳ್ಳೆಯದಲ್ಲ. ಸಾರಾಂಶ ಇಷ್ಟು: “ರೊಕ್ಕೇನ್ ವರದಾ ನದ್ಯಾಗ ಹರದ್ ಬರತಾವೇನೋ? ಮನ್ಯಾಗಿದ್ದದ್ದು ಅತ್ತಾಗ ಇತ್ತಾಗ ಜರುಗಸು. ಹೊಸಾ ಮನಿ ಆಕ್ಕೈತಿ.”

ಸಿದ್ಧಾಂತದ ಪ್ರಥಮ ನಿದರ್ಶನ ಸೀರೆ. ನಾಲ್ಕು ಆಶ್ರಮಗಳನ್ನು ಮನುಷ್ಯರು ಕೈಬಿಟ್ಟು ಬಹಳ ಕಾಲವಾಯಿತು. ಚಾಚೂ ತಪ್ಪದೆ ಪಾಲಿಸುತ್ತಿರುವುದು ಇಳಕಲ್ ಸೀರೆಯೊಂದೇ. ಟ್ರಂಕಿನಲ್ಲಿ ಡಾಂಬರಗುಳಿಗೆಯ ಜತೆ ಬ್ರಹ್ಮಚರ್ಯ. ಮೈಮೇಲೆ ಗಾರ್ಹಸ್ಥ್ಯ. ಸೆರಗು ಪಿಸಿದ ಮೇಲೆ ನಡುಮನೆಯ ಬಾಗಿಲಿಗೆ ಪರದೆಯಾಗಿ, ಇಲ್ಲವೇ ಕೌದಿಯ ಹೊಟ್ಟೆಯೊಳಗೆ ಪದರಾಗಿ ವಾನಪ್ರಸ್ಥ. ಕೊನೆಗೆ ಒಲೆಯ ಬಳಿ ಮಸಿ ಅರಿವೆಯಾಗಿ ಸನ್ಯಾಸ. ಆ ಗುರುವಾರಕ್ಕೆಂದು ಅವ್ವ ಒಂದು ಹಸಿರು ಸೀರೆಗೆ ವಾನಪ್ರಸ್ಥ ದೀಕ್ಷೆ ಕೊಟ್ಟಳು. ಹಳೆಯ ಪರದೆ ಅಡುಗೆಮನೆಗೆ ಜರುಗಿತು. ಅಡುಗೆಮನೆಯ ಅರಿವೆ ನನ್ನ ಬೈಕು ಒರೆಸಲು ಬಂತು. ಖರ್ಚು ಸೊನ್ನೆ.

ಇನ್ನು ಭಿತ್ತಿಪ್ರಕರಣ. ಸುಣ್ಣದ ಹಳ್ಳನ್ನು ನೀರಿಗೆ ಹಾಕಿದರೆ ಬೆಂಕಿಯಿಲ್ಲದೆ ಕೊತಕೊತ ಕುದಿಯುತ್ತದೆ. ಮಕ್ಕಳನ್ನು ದೂರ ನಿಲ್ಲಿಸಬೇಕು. ರಾತ್ರಿಯೆಲ್ಲ ಆರಲು ಬಿಟ್ಟು, ಅರಿವೆಯಲ್ಲಿ ಸೋಸಿ, ಬಟ್ಟೆಗೆ ಹಾಕುವ ನೀಲಿಯನ್ನೇ ಚಿಟಿಕೆ ಬೆರೆಸಿದರೆ ಹಳದಿ ಛಾಯೆ ಸತ್ತು ಬಿಳುಪು ಏಳುತ್ತದೆ. ನೀಲಿ ಹೆಚ್ಚಾದರೆ ಮನೆ ಸಂತೆಯ ಡೇರೆಯಂತೆ ಕಾಣುತ್ತದೆ. (ನಮ್ಮ ಬಚ್ಚಲ ಗೋಡೆ ನನ್ನ ಕೈಗುಣದ ಸಾಕ್ಷಿ.) ಬುಡಕ್ಕೆ ಒಂದೂವರೆ ಅಡಿ ಜಾಜು, ಅಂದರೆ ಕೆಮ್ಮಣ್ಣು. ಅದು ಸೌಂದರ್ಯಕ್ಕೆಂದು ತಿಳಿಯುವವರು ಮಳೆಗಾಲ ನೋಡಿಲ್ಲ. ಅಂಗಳದ ನೀರು ಸಿಡಿದು ಗೋಡೆಗೆ ಬೀಳುವ ಮಣ್ಣಿನ ಕಲೆಯನ್ನು ಅದೇ ಬಣ್ಣದಿಂದ ಮೊದಲೇ ಬಳಿದುಬಿಡುವ ಯುಕ್ತಿ ಅದು.

ಜಾಜಿನ ಮೇಲೆ, ನೆಲದಿಂದ ಮೂರಡಿ ಎತ್ತರದಲ್ಲಿ ಇರುವುದು ನಮ್ಮ ಸೀಮೆಯ ತೈಲಚಿತ್ರಗಳು. ಗೋಡೆಗೆ ಒರಗಿ ಕೂತವರ ತಲೆಯ ಕೊಬ್ಬರಿ ಎಣ್ಣೆ ವರ್ಷಗಟ್ಟಲೆ ಇಳಿದು ಮೂಡಿದ ಇವುಗಳಲ್ಲಿ ಪ್ರತಿಯೊಂದರ ಕರ್ತೃವನ್ನೂ ಮನೆಯವರು ಹೇಳಬಲ್ಲರು. ಟಿವಿಗೆ ಎದುರಿನದು ನನ್ನದು. ಬಾಗಿಲ ಪಕ್ಕದ್ದು, ಒಂದು ಗೇಣು ಮೇಲಿರುವುದು, ಅಜ್ಜನದು. ನಾನು ಕುಂಚ ಅದ್ದಿ ಅಲ್ಲಿಗೆ ಬಂದಾಗ ಅವ್ವ ಒಳಗಿನಿಂದಲೇ ಕೂಗಿದಳು: “ಅದೊಂದು ಬಿಟ್ಟು ಹಚ್ಚು.” ಇದಕ್ಕೆ ಸೂತ್ರದಲ್ಲಿ ಆಧಾರವಿಲ್ಲ. ಕೇಳಲು ಧೈರ್ಯವೂ ಆಗಲಿಲ್ಲ. ಬಿಟ್ಟು ಹಚ್ಚಿದೆ.

ವಾಸ್ತುಪಕ್ಷದವರ ಆಕ್ಷೇಪವನ್ನು ಇಲ್ಲಿಯೇ ತೀರಿಸಿಬಿಡೋಣ. ನಮ್ಮ ತಲೆಬಾಗಿಲು ಪಶ್ಚಿಮಕ್ಕಿದೆ, ಒಡೆದು ಪೂರ್ವಕ್ಕೆ ಇಡಬೇಕು ಎಂದು ಒಬ್ಬರು ಹೇಳಿ ಹೋಗಿದ್ದರು. ಹಾವೇರಿಯ ಪುರಸಿದ್ಧೇಶ್ವರ ಗುಡಿಯೂ ಪಶ್ಚಿಮಾಭಿಮುಖ. ಕಲ್ಯಾಣ ಚಾಲುಕ್ಯರ ಕಾಲದಿಂದ ದೇವರು ಅಲ್ಲಿ ಬಾಗಿಲು ಕೀಳಿಸದೆ ಸುಖವಾಗಿದ್ದಾನೆ. ಮುಂದಿನ ಪ್ರಕರಣ.

ದಿನದರ್ಶಿಕೆ. ಬಿರುಕಿನ ಗೋಡೆಗೆ ಗಿಲಾಯಿಗಿಂತ ಅಗ್ಗದ ಔಷಧ. ನಮ್ಮಲ್ಲಿ ಮೂರು ಬಿರುಕು, ಮೂರು ಕ್ಯಾಲೆಂಡರ್: ಅಮಾವಾಸ್ಯೆ ಹುಣ್ಣಿಮೆಗೆ ಗದಗಿನ ಶಾಬಾದಿಮಠದ್ದು, ಲಕ್ಷ್ಮಿಯ ಚಿತ್ರಕ್ಕೆ ದಲಾಲಿ ಅಂಗಡಿಯದು, ಹತ್ತಿಕಾಯಿ ಒಡೆದ ಚಿತ್ರಕ್ಕೆ ಬೀಜದ ಕಂಪನಿಯದು. ವರ್ಷ ಮುಗಿದ ಮೇಲೆ ಇಲ್ಲಿ ಒಂದು ಸೂಕ್ಷ್ಮ ವಿಭಜನೆ ನಡೆಯುತ್ತದೆ. ದೇವರು ಕತ್ತರಿಸಿಕೊಂಡು ಮೇಲೆ ಜಗಲಿಗೆ ಹೋಗುತ್ತಾನೆ. ತಾರೀಖುಗಳು ಕೆಳಗೆ ನಾಗಂದಿಗೆಯ ಮೇಲೆ, ಉಪ್ಪಿನಕಾಯಿ ಭರಣಿಯ ಅಡಿಗೆ ಹಾಸಾಗಿ ಇಳಿಯುತ್ತವೆ. ಕಾಲವು ನಶ್ವರ, ದೇವರು ಶಾಶ್ವತ ಎಂಬುದನ್ನು ಕತ್ತರಿಯಿಂದ ಸಾಧಿಸಿದ ದರ್ಶನ ಬೇರೆಲ್ಲಿದೆಯೋ ತಿಳಿಯದು.

ಫ್ಲೆಕ್ಸ್ ಈ ಶಾಸ್ತ್ರಕ್ಕೆ ತಡವಾಗಿ ಬಂದ ದ್ರವ್ಯ. ದೀಪಾವಳಿಯ ಬೆನ್ನಿಗೆ ನಮ್ಮ ಜಿಲ್ಲೆಯಲ್ಲಿ ಹೋರಿ ಹಬ್ಬ ಶುರು. ಕೊರಳಿಗೆ ಕೊಬ್ಬರಿ ಹಾರ, ಮೈಗೆ ಜೂಲ, ಕೋಡಿಗೆ ಬಲೂನು ಕಟ್ಟಿಸಿಕೊಂಡು ಓಡುವ ಹೋರಿಗೆ ಊರ ತುಂಬ ಫ್ಲೆಕ್ಸ್. ಹೋರಿಯ ಸುತ್ತ ಶುಭ ಕೋರುವವರ ಹದಿನಾರು ಮುಖಗಳು. ಹಬ್ಬ ಮುಗಿದ ಮೇಲೆ ಅದು ಒಂದು ಹನಿ ನೀರು ಸೋರದ ಬಚ್ಚಲ ಪರದೆ. ದೋಷವೊಂದೇ. ಮುಖಗಳನ್ನು ಹೊರಮಗ್ಗುಲಿಗೆ ಮಾಡಿ ಕಟ್ಟಬೇಕು, ಇಲ್ಲದಿದ್ದರೆ ಜಳಕಕ್ಕೆ ಕೂತವರಿಗೆ ಹದಿನಾರು ಜನ ಹಾರ್ದಿಕ ಶುಭಾಶಯ ಕೋರುತ್ತಾರೆ. ಬೀಗರಿಗಾಗಿ ತಿರುಗಿಸಿ ಕಟ್ಟಿದೆವು.

ಈಗ ಮೆಣಸಿನಕಾಯಿ, ಅದಿಲ್ಲದೆ ಈ ಸೀಮೆಯ ಯಾವ ಶಾಸ್ತ್ರವೂ ಪೂರ್ತಿಯಾಗದು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂತು. ಖಾರ ಕಡಿಮೆ, ಬಣ್ಣ ಜಾಸ್ತಿ. ಅಲಂಕಾರಶಾಸ್ತ್ರಕ್ಕೆ ಇದಕ್ಕಿಂತ ಬೇರೆ ಲಕ್ಷಣ ಬೇಕಿಲ್ಲ. ಅದರಿಂದ ತೆಗೆದ ಬಣ್ಣ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ದೂರದ ತುಟಿಗಳಿಗೆ ಹಣ್ಣು ಹೋದರೆ ನಮಗೆ ಉಳಿಯುವುದು ಚೀಲ. ಆ ಗೋಣಿಚೀಲವನ್ನು ನಾಲ್ಕು ಮಡಿಸಿ ಹೊಸ್ತಿಲಲ್ಲಿ ಹಾಸಿದರೆ ಕಾಲೊರಸು. ಎಷ್ಟು ಝಾಡಿಸಿದರೂ ಅದರ ನೂಲಿನೊಳಗೆ ಘಾಟು ಉಳಿದಿರುತ್ತದೆ. ಬಂದವರು ಕಾಲು ಒರೆಸುತ್ತಾರೆ, ಪುಡಿ ಏಳುತ್ತದೆ, ಸೀನುತ್ತಾರೆ. ಒಳಗೆ ಅವ್ವ ಸೀನು ಎಣಿಸಿ ಅಷ್ಟು ಕಪ್ಪು ಚಹಾಕ್ಕೆ ನೀರಿಡುತ್ತಾಳೆ. ಕರೆಗಂಟೆಗೆ ಬಂದವರು ಎಷ್ಟು ಜನ ಎಂದು ಹೇಳುವ ಬುದ್ಧಿ ಎಲ್ಲಿದೆ?

ಚಹಾಕ್ಕೆ ಯಾಲಕ್ಕಿ ಬೇಕು. ಇಲ್ಲಿ ನಾವು ಶಾಸ್ತ್ರದ ರಹಸ್ಯಪ್ರಕರಣಕ್ಕೆ ಬಂದೆವು. ಹಾವೇರಿಯ ಯಾಲಕ್ಕಿ ಹಾರ ನಾಡಿಗೇ ಗೊತ್ತು: ದಪ್ಪ ಯಾಲಕ್ಕಿ ಪೋಣಿಸಿ, ರೇಷ್ಮೆ ದಾರ, ಮಣಿ, ಜರಿ ಸೇರಿಸಿ ಕಟ್ಟುವುದು. ಕಾಕಾ ಮಾಸ್ತರಿಕೆಯಿಂದ ನಿವೃತ್ತರಾದ ದಿನ ಕೊರಳಿಗೆ ಬಿದ್ದ ಹಾರ ಅಂದಿನಿಂದ ಅಜ್ಜನ ಫೋಟೊದ ಮೇಲೆ ಇದೆ. ಇಡೀ ಪಡಸಾಲೆಯಲ್ಲಿ ಜರುಗದ ವಸ್ತು ಅದೊಂದೇ ಎಂದು ನಾನು ತಿಳಿದಿದ್ದೆ. ಫೋಟೊ ಒರೆಸಲು ಇಳಿಸಿದಾಗ ನೋಡಿದರೆ, ಎಡಬದಿ ತುಂಬಿದೆ, ಬಲಬದಿ ಬರೀ ಮಣಿ ಮತ್ತು ದಾರ. ಬಲಬದಿ ಅಡುಗೆಮನೆಯ ಕಡೆಯದು.

“ಅವ್ವಾ, ಇದರಾಗ ವಾಸನೀನ ಉಳದಿಲ್ಲಲ್ಲ?”

“ವಾಸನಿ ಇಲ್ಲಾಂದ್ರ ಏನಾತು, ಯಾಲಕ್ಕಿ ಅಲ್ಲನು? ಸಮ್ಮೇಳನದಾಗ ಎಷ್ಟ್ ಹಾರ ಹಾಕಿರಬೇಕು ಹೇಳು. ಎಷ್ಟ್ ಊರಿನ ಚಾ ಆಕ್ಕಿತ್ತು!” ಅವಳು ನೆನೆದದ್ದು 2023ರ ಜನವರಿಯಲ್ಲಿ ಹಾವೇರಿಯಲ್ಲಿ ನಡೆದ 86ನೇ ಕನ್ನಡ ಸಾಹಿತ್ಯ ಸಮ್ಮೇಳನವನ್ನು.

ಹೀಗೆ ಲೇಖಕನಿಗೆ ಒಂದು ಕಾಲಗಣನೆಯ ಸಾಧನ ದಕ್ಕಿತು. ಶಾಸನವಿಲ್ಲದ ಮನೆಗೆ ಬಂದುಹೋದವರ ಲೆಕ್ಕವನ್ನು ಖಾಲಿ ದಾರದ ಉದ್ದದಿಂದ ತಿಳಿಯಬಹುದು. ನಾನು ಎಣಿಸಿದಾಗ ಹನ್ನೊಂದು ಯಾಲಕ್ಕಿ ಉಳಿದಿದ್ದವು.

ಗುರುವಾರ ಬೀಗರು ಬಂದರು, ನಾಲ್ವರು. ಗೋಣಿಯ ಮೇಲೆ ಚೆನ್ನಾಗಿ ಕಾಲು ಒರೆಸಿದರು. ಬೆಳಗಿನಿಂದ ಮೆಣಸಿನಕಾಯಿ ರಾಶಿಯ ನಡುವೆ ನಿಂತು ಬಂದವರು, ಒಬ್ಬರೂ ಸೀನಲಿಲ್ಲ. ಅರ್ಧ ಗಂಟೆಯಾದರೂ ಒಳಗಿನಿಂದ ಚಹಾ ಬರಲಿಲ್ಲ. ಕೊನೆಗೆ ನಾನೇ ಎದ್ದು, ಅಜ್ಜನ ಫೋಟೊದ ಕಡೆ ಬೆನ್ನು ಮಾಡಿ ನಿಂತು, ಒಳಗೆ ಕೇಳುವಂತೆ ನಾಲ್ಕು ಸಲ ಸೀನಿದೆ.

ಈಗ ಏಳು ಉಳಿದಿವೆ.